ಇಲ್ಲಿನ್ ಪೈಪ್ಸ್ ಇಲ್ಲೇ, ಕಲಬುರಗಿದಾಗ ಕುಂತು ಕಲಿಯೋದ್ ಹೆಂಗ

ಇಲ್ಲಿನ್ ಪೈಪ್ಸ್ ಅಂದ್ರ ಐರ್‌ಲ್ಯಾಂಡ್‌ದ ಬ್ಯಾಗ್‌ಪೈಪ್, ಮೊದ್ಲ ಅದರ ಹೆಸರಿಂದ್ ಒಂದ್ ಮಾತ್ ಹೇಳಿಬಿಡ್ತೀನ್ರಿ. ಸ್ಪೆಲ್ಲಿಂಗ್ (uilleann) ನೋಡಿದ್ರ "ಯೂಲಿಯನ್" ಅಂತ ಓದ್ಬೇಕು ಅನಸ್ತದ, ನಾನೂ ಆರ್ ತಿಂಗಳ ಹಂಗೇ ಅಂತಿದ್ದೆ, ಆಮ್ಯಾಲ ಡಬ್ಲಿನ್‌ನ್ಯಾಗ ಒಬ್ರು ನಕ್ಕು ತಿದ್ದಿದ್ರು, ಅದು "ಇಲ್ಲಿನ್" ಅಂತ. ಊರಿಗಿ ಬಂದು ನಮ್ ಮಾಮಾಗ ಹೇಳ್ದಾಗ ಅವ್ರು "ಇಲ್ಲಿನ ಪೈಪ್ ಅಂದ್ರ ಎಲ್ಲಿಂದು, ಸೂಪರ್ ಮಾರ್ಕೆಟ್‌ದಾಗ ಸಿಗ್ತದೇನು" ಅಂತ ಕೇಳಿದ್ರು. ಐರಿಶ್ ಭಾಷಾದಾಗ ಅದಕ್ಕ ಮೊಣಕೈದು ಅಂತ ಅರ್ಥ. ಈ ವಾದ್ಯದ ಪೂರಾ ಗುಟ್ಟು ಆ ಒಂದ್ ಶಬ್ದದಾಗೇ ಅದ, ಬೆರಳಿಂದ ಶುರು ಮಾಡ್ದವ್ರು ಭಾಳ ಮಂದಿ ವರ್ಷದೊಳಗ ಬಿಡ್ತಾರ, ಮೊಣಕೈದಿಂದ ಶುರು ಮಾಡ್ದವ್ರು ಉಳೀತಾರ, ನಾ ಬೆರಳಿಂದ ಶುರು ಮಾಡಿ ಒಂದ್ ವರ್ಷ ಹಾಳ್ ಮಾಡ್ಕೊಂಡೆ ಅದಕ್ಕೇ ಇದು ಬರಿಲತ್ತೀನಿ.

ಬ್ಯಾಗ್‌ಪೈಪ್ ಅಂದ್ರ ನಮಗ ನೆನಪಾಗೋದು ಪೊಲೀಸ್ ಪರೇಡ್, ಗಲ್ಲ ಉಬ್ಬಿಸಿ ಊದೋದು, ನಾಕ್ ಓಣಿಗಿ ಕೇಳೋ ಆವಾಜು. ಅದು ಸ್ಕಾಟ್‌ಲ್ಯಾಂಡ್‌ದ ಕಡಿಂದು. ಐರಿಶ್ ಪೈಪ್‌ಗಿ ಬಾಯೇ ಹಚ್ಚೋದಿಲ್ರಿ. ಬಲಗೈ ಮೊಣಕೈ ಕೆಳಗ ಒಂದ್ ತಿದಿ, ಕಮ್ಮಾರ್ರ ಕುಲುಮಿದಾಗ ಇರ್ತದಲ್ಲ ಅದರ ಸಣ್ಣ ತಮ್ಮ ಅಂದ್ಕೋರಿ, ಸೊಂಟಕ್ಕೊಂದು ತೋಳಿಗೊಂದು ಬೆಲ್ಟ್ ಕಟ್ಟಿರ್ತದ. ಅಲ್ಲಿಂದ ಹವಾ ಒಂದ್ ನಳಿಗಿ ಹಿಡ್ದು ಎಡಗೈ ಕೆಳಗಿನ ಚೀಲಕ್ಕ ಹೋಗ್ತದ. ಎಡ ಮೊಣಕೈ ಆ ಚೀಲ ಒತ್ತತದ. ಚೀಲದಿಂದ ಹವಾ ಚಾಂಟರ್‌ಗಿ ಬರ್ತದ, ಚಾಂಟರ್ ಅಂದ್ರ ಬೆರಳ್ ಆಡ್ಸೋ ಕೊಳವಿ, ಮುಂದ ಏಳ್ ತೂತು ಹಿಂದ ಹೆಬ್ಬೆರಳಿಗೊಂದು. ಬಾಯಿ ಖಾಲಿ, ನಡುವ ಮಾತೂ ಆಡ್ಬಹುದು, ಹಾಡ್ಬಹುದು ಕೂಡ. ಆವಾಜು ಮನಿಯೊಳಗ ಕುಂತು ನುಡಸೋ ಅಷ್ಟೇ, ಬಾಜು ಮನಿಯವ್ರು ಜಗಳಕ್ಕ ಬರೂದಿಲ್ಲ, ಮೊದಲ್ನೇ ಎರಡ್ ತಿಂಗಳ ಬಿಟ್ಟು.

ಯಾವ ಸೆಟ್ ತೊಗೋಬೇಕು

ಮೂರ್ ಥರ ಅವ. ಪ್ರಾಕ್ಟೀಸ್ ಸೆಟ್ ಅಂದ್ರ ತಿದಿ, ಚೀಲ, ಚಾಂಟರ್ ಅಷ್ಟೇ. ಹಾಫ್ ಸೆಟ್‌ನ್ಯಾಗ ಅದರ ಜೋಡಿ ಮೂರ್ ಡ್ರೋನ್, ಅಂದ್ರ ತಂಬೂರಿ ಥರ ಒಂದೇ ಸ್ವರ ಹಿಡ್ಕೊಂಡಿರೋ ಕೊಳವಿ, ಮೂರೂ ಸಾ, ಮೂರ್ ಸಪ್ತಕದಾಗ. ಫುಲ್ ಸೆಟ್‌ನ್ಯಾಗ ಇನ್ನೂ ಮೂರ್ ರೆಗ್ಯುಲೇಟರ್ ಬರ್ತಾವ, ಅಂದ್ರ ಕೀಲಿ ಒತ್ತಿದ್ರಷ್ಟೇ ನುಡಿಯೋ ಕೊಳವಿ, ಅವಕ್ಕ ಸಾಮಾನ್ಯ ಎಲ್ಲಾ ಕೂಡಿ 13 ಕೀಲಿ, ತೊಡಿ ಮ್ಯಾಲ ಅಡ್ಡ ಮಲಗಿರ್ತಾವ, ಬೆರಳ್ ಚಾಂಟರ್ ಮ್ಯಾಲ ಇರೂ ಹೊತ್ತಿನ್ಯಾಗ ಬಲಗೈ ಮಣಿಕಟ್ಟಿಂದ ಒತ್ತಿ ಕಾರ್ಡ್ (ಎರಡ್ಮೂರ್ ಸ್ವರ ಒಟ್ಟಿಗಿ) ಹಾಕ್ತಾರ. ಒಬ್ಬೇ ಮನಷ್ಯಾ ಪೂರಾ ಪಾರ್ಟಿ ಕೂಡಿ ನುಡಿಸ್ದಂಗ ಕೇಳ್ತದ.

ಹೊಸಬ್ರಿಗಿ ಪ್ರಾಕ್ಟೀಸ್ ಸೆಟ್, ಮಾತೇ ಇಲ್ಲ. ಕೀ, ಅಂದ್ರ ಶ್ರುತಿ ಯಾವ್ದು ಅಂತ ಕೇಳ್ತಾರ, "ಕನ್ಸರ್ಟ್ ಡಿ" ಅಂತ ಹೇಳ್ರಿ, ನಮ್ ಪೇಟಿ ಲೆಕ್ಕದಾಗ ಬಿಳಿ ಎರಡು. ಸಿ, ಬಿ ಅಂತ ಕೆಳಗಿನ ಶ್ರುತಿದು ಫ್ಲಾಟ್ ಸೆಟ್ ಅಂತಾರ, ಆವಾಜು ಇನ್ನೂ ಮೆತ್ತಗ, ನನಗಂತೂ ಅದೇ ಹೆಚ್ಚ್ ಸೇರ್ತದ, ಆದ್ರ ಕಲಿಯೋ ಪಾಠ, ವಿಡಿಯೋ, ಕೂಡಿ ನುಡಸೋ ಮಂದಿ ಎಲ್ಲಾ ಡಿ ಮ್ಯಾಲೇ ಇರ್ತಾರ. ಎಡಚರಿದ್ರ ಮೊದ್ಲೇ ಹೇಳಿ ಉಲ್ಟಾ ಸೆಟ್ ಮಾಡ್ಸ್ಕೋರಿ, ಆಮ್ಯಾಲ ತಿರುಗ್ಸಿ ಹಾಕ್ಕೊಳ್ಳಕ್ಕ ಬರಂಗಿಲ್ಲ.

ರೊಕ್ಕದ ಮಾತು. ಚೊಲೋ ಕೈಯವ್ರು ಮಾಡಿದ್ ಪ್ರಾಕ್ಟೀಸ್ ಸೆಟ್ ಸಾಗಣಿ, ಕಸ್ಟಮ್ಸ್ ಎಲ್ಲಾ ಹಿಡ್ದು ಲಕ್ಷದ ಆಚೀಚೆ ಹೋಗ್ತದ. ಫುಲ್ ಸೆಟ್‌ಗಿ ಅದಕ್ಕಿಂತ ಎಷ್ಟೋ ಪಟ್ಟು, ಮ್ಯಾಲ ವರ್ಷಗಟ್ಲೆ ಪಾಳಿ. ಇದ್ನ ಕೇಳಿ ಎದಿ ಒಡ್ದು ಆನ್‌ಲೈನ್‌ದಾಗ ಹತ್ತಿಪ್ಪತ್ ಸಾವಿರಕ್ಕ ಚಂದ್ ಫೋಟೋ ಹಾಕಿದ್ ಸೆಟ್ ತೊಗೊಂಡೀರಿ ಜೋಕಿ, ನಾ ತೊಗೊಂಡಿದ್ದೆ. ಪಾರ್ಸೆಲ್ ಬಂದ್ ದಿನ ಮನಿ ಮಂದಿ ಎಲ್ಲಾ ಸುತ್ತ ಕುಂತಿದ್ರು, ಪೇಢೆ ಬ್ಯಾರೆ ತಂದಿದ್ರು, ನಾ ತಿದಿ ಒತ್ತಿದ್ರ ಚೀಲದ ಹೊಲಿಗಿ ಎಲ್ಲಾ ಕಡಿಂದ ಸುಸ್ ಅಂತು, ಚಾಂಟರ್‌ದಿಂದ ಕ್ವಾಕ್ ಅಂತ ಒಂದ್ಸಲ ಆವಾಜ್ ಬಂದು ಬಂದ್ ಆತು. ಮಾರಿದವ್ರು ಫೋನೂ ಎತ್ತಲಿಲ್ಲ. ಅದು ಈಗ ಗ್ವಾಡಿ ಮ್ಯಾಲ ಶೋಪೀಸ್. ಅಗ್ಗದ ಸೆಟ್‌ದಾಗ ನಿಮ್ ತಪ್ಪು ಯಾವ್ದು ವಾದ್ಯದ ತಪ್ಪು ಯಾವ್ದು ಅಂತ ಗೊತ್ತೇ ಆಗೂದಿಲ್ಲ, ಅದೇ ದೊಡ್ಡ ನುಕಸಾನು. ಸೆಕೆಂಡ್ ಹ್ಯಾಂಡ್ ತೊಗೊಳ್ರಿ, ಪರವಾಗಿಲ್ಲ, ಆದ್ರ ಯಾರ್ ಮಾಡಿದ್ದು ಅಂತ ಹೆಸರ್ ಕೇಳ್ರಿ, ನುಡಿಸಿದ್ ವಿಡಿಯೋ ಕೇಳ್ರಿ.

ಸೆಟ್ ಬರೂತನ ಏನ್ ಮಾಡ್ಬೇಕು

ಟಿನ್ ವ್ಹಿಸಲ್, ಅಂದ್ರ ತಗಡಿನ ಸಣ್ಣ ಕೊಳಲು ತೊಗೊಳ್ರಿ, ಡಿ ಕೀದು, ಆರ್ ತೂತಿಂದು, ಒಂದ್ ಪಿಜ್ಜಾ ರೊಕ್ಕದಾಗ ಸಿಗ್ತದ. ಇದ್ರ ಬೆರಳಾಟ ಪೈಪ್ಸ್ ಬೆರಳಾಟಕ್ಕ ಭಾಳ ಹತ್ರ, ಐರ್‌ಲ್ಯಾಂಡ್‌ದಾಗ ಎಷ್ಟೋ ಹುಡುಗ್ರು ಇದರ ಮ್ಯಾಲೇ ಶುರು ಮಾಡ್ತಾರ. ಆರ್ ತಿಂಗಳ್ದಾಗ ಇಪ್ಪತ್ ಟ್ಯೂನ್ ಬಾಯಿಪಾಠ ಆದ್ರ ಪೈಪ್ ಬಂದ್ ದಿನ ತಲಿ ಒಳಗ ಹಾಡು ರೆಡಿ ಇರ್ತದ, ಮೊಣಕೈಗಷ್ಟೇ ಧ್ಯಾನ ಕೊಡ್ಬಹುದು.

ನಮ್ ಕಡಿ ಭಜನಿ, ಪೇಟಿ, ತಬಲಾ ಕೇಳಿ ಬೆಳೆದವ್ರಿಗಿ ಇಲ್ಲಿ ಒಂದ್ ಫಾಯ್ದೆ ಅದ. ಐರಿಶ್ ಟ್ಯೂನ್‌ದಾಗ ಒಂದ್ ಥರಕ್ಕ ರೀಲ್ ಅಂತಾರ, ನಾಕರ ಲೆಕ್ಕ, ಕೇರವಾ ಹಾಕ್ಕೊಂಡು ಕೇಳ್ರಿ ಜಲ್ದಿ ಹಿಡಿತದ. ಜಿಗ್ ಅಂತಾರ, ಮೂರು ಮೂರು ಆರು, ದಾದರಾ. ಸ್ಲಿಪ್ ಜಿಗ್ ಅಂದ್ರ ಮೂರ್ ಸಲ ಮೂರು, ಒಂಬತ್ತು, ಇದು ಮೊದ್ಲ ಕಾಲ್ ಎಡವಸ್ತದ. ಸ್ಲೋ ಏರ್ ಅಂತ ಒಂದದ, ತಾಳ ಇಲ್ಲ, ಐರಿಶ್ ಹಾಡಿನ ಮಾತ್ ಹೆಂಗ ಹೋಗ್ತದ ಹಂಗ ಸ್ವರ ಹೋಗೋದು, ಆಲಾಪ ಅಲ್ಲ ಆದ್ರ ಆ ಕಡಿ ಮನಸ್ಸಿರೋರಿಗಿ ಇದೇ ಮೊದ್ಲ ಹಿಡಸ್ತದ. ಸ್ವರದ ಲೆಕ್ಕ ನೋಡಿದ್ರ ಡಿ ಮೇಜರ್ ಅಂದ್ರ ಬಿಳಿ ಎರಡು ಸಾ ಮಾಡಿ ಬಿಲಾವಲ್ ಥಾಟ್. ನಿ ಕೋಮಲ್ ಆದ್ರ ಖಮಾಜ್ ಥಾಟ್, ಅವ್ರು ಮಿಕ್ಸೊಲಿಡಿಯನ್ ಅಂತಾರ. ಗ ನಿ ಎರಡೂ ಕೋಮಲ್ ಇದ್ರ ಕಾಫಿ ಥಾಟ್, ಅವ್ರದು ಡೋರಿಯನ್, ಇದ್ರಾಗ ರಗಡ್ ಟ್ಯೂನ್ ಅವ.

ಒಂದ್ ಕಡಿ ಮಾತ್ರ ನಮ್ ಕಿವಿ ಜಗಳ ತೆಗೀತದ. ಟ್ಯೂನ್ "ರೆ" ಮ್ಯಾಲ ನಿಂತು ಅದನ್ನೇ ಸಾ ಮಾಡ್ಕೊಂಡು ನಡೀತಿರ್ತದ, ಹಿಂದ ಡ್ರೋನ್ ಮಾತ್ರ ಹಳೇ ಸಾ ಬಿಡೂದಿಲ್ಲ. ನಮ್ ಮಾಮಾ ಕೇಳಿ "ತಂಬೂರಿ ಯಾರ್ ಹಚ್ಚಿದ್ರು, ತಪ್ಪದಲಾ" ಅಂದ್ರು. ತಪ್ಪಲ್ರಿ, ಆ ತಿಕ್ಕಾಟನೇ ಅಲ್ಲಿ ರುಚಿ. ಕೇಳ್ತಾ ಕೇಳ್ತಾ ರೂಢಿ ಆಗ್ತದ.

ಕೂಡೋದು, ಮೊಣಕೈ, ಹವಾ

ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತ್ರ ಆಗೂದಿಲ್ಲ. ಕೈಯಿಲ್ಲದ ಗಟ್ಟಿ ಕುರ್ಚಿ ಬೇಕು, ತೊಡಿ ನೆಲಕ್ಕ ಸಮ ಇರ್ಬೇಕು, ಯಾಕಂದ್ರ ಚಾಂಟರ್‌ದ ಕೆಳಗಿನ ಬಾಯಿ ತೊಡಿ ಮ್ಯಾಲ ಇಟ್ಟು ಮುಚ್ಚಬೇಕಾಗ್ತದ. ಎಲ್ಲಾ ತೂತು ಮುಚ್ಚಿ ಕೆಳಗೂ ತೊಡಿಗಿ ಒತ್ತಿದ್ರ ಆವಾಜ್ ಪೂರಾ ಬಂದ್, ಇದು ಪರೇಡ್‌ದ ಪೈಪ್‌ದಾಗ ಸಾಧ್ಯನೇ ಇಲ್ಲ, ಅದಕ್ಕೇ ಐರಿಶ್ ಪೈಪ್‌ದಾಗ ಸ್ವರ ಕಡ್ದು ಕಡ್ದು ನುಡಸ್ಲಕ್ಕ ಬರ್ತದ. ಪ್ಯಾಂಟ್ ಬಟ್ಟಿ ಮ್ಯಾಲ ಇಟ್ರ ಹವಾ ಸೋರ್ತದ, ತೊಡಿ ಮ್ಯಾಲ ಒಂದ್ ಚರ್ಮದ ತುಂಡು ಬೇಕು. ನಾ ಸ್ಟೇಷನ್ ರೋಡ್ ಬಾಜೂಕ ಚಪ್ಲಿ ಹೊಲಿಯೋ ಕಾಕಾನ ಹತ್ರ ಅಂಗೈಯಗಲ ಮೆತ್ತನ್ ಚರ್ಮ ಕಡಸಿ ಎರಡೂ ಕಡಿ ಲಾಡಿ ಹೊಲಸಿದೆ. ಏನಕ್ಕ ಅಂತ ಕೇಳಿದ್ರು, ಹೇಳಿದೆ, ಪೂರಾ ಕೇಳಿ "ಹಂಗಾದ್ರ ಇನ್ನೂ ತೆಳ್ಳಂದು ಬೇಕು" ಅಂತ ಬ್ಯಾರೆ ತುಂಡು ತೆಗ್ದು ಕೊಟ್ರು, ಅದೇ ಇವತ್ತಿಗೂ ನಡದದ.

ಈಗ ಮುಖ್ಯ ಕೆಲಸ. ಮೊದಲ್ನೇ ವಾರ ಚಾಂಟರ್ ಮುಟ್ಟಬ್ಯಾಡ್ರಿ. ಚಾಂಟರ್ ಕೂಡೋ ಬಾಯಿಗಿ ಬೂಚ್ ಹಾಕಿ ಬರೇ ತಿದಿ, ಚೀಲ. ಬಲ ಮೊಣಕೈ ಎತ್ತಿ ಹವಾ ತುಂಬ್ಕೊಂಡು ಮೆಲ್ಲಗ ಒತ್ರಿ, ಚೀಲ ತುಂಬ್ತದ. ಎಲ್ಲಾರೂ ಮಾಡೋ ತಪ್ಪು ಇಲ್ಲೇ, ತಿದಿನೇ ಆವಾಜ್ ಕೊಡ್ತದ ಅಂದ್ಕೊಂಡು ಬಲಗೈ ಜೋರ್ ಜೋರ್ ಬಡೀತಾರ. ಅಲ್ರಿ. ತಿದಿದು ನೀರ್ ತುಂಬೋ ಕೆಲಸ ಅಷ್ಟೇ, ಒತ್ತಡ ಹಿಡಿಯೋದು ಎಡಗೈ. ತಿದಿ ಹವಾ ಕೊಡೋ ಹೊತ್ತಿಗಿ ಎಡ ಮೊಣಕೈ ಚೂರ್ ಸಡ್ಲ ಬಿಡ್ಬೇಕು, ತಿದಿ ಮ್ಯಾಲ ಹೋಗೋ ಹೊತ್ತಿಗಿ ಎಡ ಮೊಣಕೈ ಮತ್ತ ಒತ್ಬೇಕು, ಹೊರಗ ಕೇಳೋರಿಗಿ ಈ ಲೇವಾದೇವಿ ಗೊತ್ತೇ ಆಗಬಾರ್ದು. ಜ್ವಾಳದ ರೊಟ್ಟಿ ಬಡಿಯೋ ಅವ್ವಂದಿರ ಕೈ ನೋಡ್ರಿ, ಒಂದ್ ಕೈ ತಿರಗಸ್ತದ ಒಂದ್ ಕೈ ಬಡೀತದ, ಬಾಯಿ ಬಾಜೂ ಮನಿ ಸುದ್ದಿ ಹೇಳ್ತಿರ್ತದ, ಆದ್ರೂ ರೊಟ್ಟಿ ಅಂಚು ಹರಿಯಂಗಿಲ್ಲ. ಅಲ್ಲಿಗಿ ಮುಟ್ಟಬೇಕು ನಿಮ್ ಎರಡೂ ಮೊಣಕೈ.

ಎರಡ್ನೇ ವಾರ ಚಾಂಟರ್ ಹಾಕ್ರಿ, ಎಡಗೈ ಉಂಗುರ ಬೆರಳ್ ಎತ್ತಿದ್ರ ಬರೋ ಸ್ವರ ಹಿಡೀರಿ, ಅದು ಪ. ಫೋನ್‌ದಾಗ ತಂಬೂರಿ ಆಪ್ ಬಿಳಿ ಎರಡಕ್ಕ ಹಚ್ಚಿಟ್ಟು ಒಂದ್ ನಿಮಿಷ ಅದೇ ಪ. ಒತ್ತಡ ಕಮ್ತಿ ಆದ್ರ ಸ್ವರ ಕೆಳಗ ಜಾರ್ತದ, ಜಾಸ್ತಿ ಆದ್ರ ಮ್ಯಾಲ ಹತ್ತತದ, ಕಿವಿಗಿ ಕೂಡ್ಲೇ ತಿಳೀತದ. ಟ್ಯೂನರ್ ಆಪ್ ಸೂಜಿ ನೋಡ್ಕೊಂಡು ಮಾಡೋರೂ ಅವ್ರ, ನನ್ ಅನುಭವದಾಗ ಸೂಜಿ ನೋಡಿದ್ರ ಕಿವಿ ಸೋಮಾರಿ ಆಗ್ತದ. ನಾ ಈ ಒಂದ್ ಪ ಮ್ಯಾಲ ಇಪ್ಪತ್ ದಿನ ಇದ್ದೆ. ಮನಿಯಾಗ "ಇದೇನ್ ಆಂಬುಲೆನ್ಸ್ ಬಂತೇನು" ಅಂತ ದಿನಾ ಅಂತಿದ್ರು.

ಬೆರಳು

ತೂತಿನ ಮ್ಯಾಲ ಬೆರಳ ತುದಿ ಇಡಬ್ಯಾಡ್ರಿ, ಬೆರಳ್ ಚಪ್ಪಟ್ ಇಟ್ಟು ನಡುವಿನ ಮೆತ್ತನ ಭಾಗದಿಂದ ಮುಚ್ರಿ, ಬಾನ್ಸುರಿ ನುಡಸೋರಿಗಿ ಇದು ಗೊತ್ತದ. ಎಲ್ಲಾ ಮುಚ್ಚಿ ಚಾಂಟರ್ ತೊಡಿಯಿಂದ ಚೂರ್ ಎತ್ತಿದ್ರ ಕೆಳಗಿನ ಸಾ. ಹಿಂದಿನ ಹೆಬ್ಬೆರಳ್ ಎತ್ತಿದ್ರ ಮ್ಯಾಲಿನ ಸಾ. ಅಲ್ಲಿಂದ ಎರಡ್ನೇ ಸಪ್ತಕಕ್ಕ ಹೋಗ್ಲಕ್ಕ ಎಲ್ಲಾ ತೂತು ಮುಚ್ಚಿ ತೊಡಿ ಮ್ಯಾಲ ಒತ್ತಿ, ಆವಾಜ್ ಬಂದ್ ಆದ್ ಆ ಕ್ಷಣದಾಗ ಎಡ ಮೊಣಕೈ ಜರಾ ಜಾಸ್ತಿ ಒತ್ತಿ, ಬೇಕಾದ್ ಸ್ವರ ಬಿಡ್ಬೇಕು, ಜಿಗದಂಗ ಮ್ಯಾಲಿಂದು ಬರ್ತದ. ಬರ್ಲಿಲ್ಲಂದ್ರ ಬೆರಳ್ದಲ್ಲ ತಪ್ಪು, ಮೊಣಕೈದು. ಒಟ್ಟ ಎರಡ್ ಸಪ್ತಕ ಸಿಗ್ತದ ಈ ಚಾಂಟರ್‌ದಾಗ, ಬ್ಯಾಗ್‌ಪೈಪ್ ಜಾತಿಗಿ ಇದು ದೊಡ್ಡ ಮಾತೇ.

ನುಡಸೋ ಧಾಟಿ ಎರಡ್ ಅವ. ಟೈಟ್ ಅಂದ್ರ ಒಂದ್ ಸ್ವರಕ್ಕ ಬೇಕಾದಷ್ಟೇ ತೂತು ಬಿಟ್ಟು ಬಾಕಿ ಎಲ್ಲಾ ಮುಚ್ಚಿ, ಸ್ವರ ಸ್ವರದ ನಡುವ ಸೀಳು ಬಿಡೋದು, ಪುಟಾಣಿ ಹುರದಂಗ ಪಟಪಟ ಅಂತದ. ಓಪನ್ ಅಂದ್ರ ಸ್ವರಕ್ಕ ಸ್ವರ ಹತ್ತಿಸ್ಕೊಂಡು ಹರಿಯೋದು. ಟೈಟ್ ಕೇಳ್ಬೇಕಂದ್ರ ಅಮೆರಿಕಾಕ್ಕ ಹೋಗಿದ್ ಪ್ಯಾಟ್ಸಿ ಟೂಹಿ ಹಳೇ ರೆಕಾರ್ಡಿಂಗ್, ಅವ್ರು 1923ರಾಗ ತೀರಿಕೊಂಡ್ರು. ಓಪನ್‌ಗಿ ಲಿಯೋ ರೌಸಮ್. ಜಾನಿ ಡೋರನ್ ಅಂತ ಒಬ್ರು, ಟ್ರಾವೆಲರ್ ಸಮುದಾಯದವ್ರು, ಅಂದ್ರ ಊರೂರು ತಿರಗೋ ಮಂದಿ, ಜಾತ್ರಿ, ಸಂತಿ, ರೇಸ್ ನಡಿಯೋ ಕಡಿ ನಿಂತು ನುಡಸ್ತಿದ್ರು. 1947ರಾಗ ಅವ್ರ ವಾದನ ಡಿಸ್ಕ್ ಮ್ಯಾಲ ರೆಕಾರ್ಡ್ ಮಾಡ್ಕೊಂಡ್ರು, ಅದಾದ್ ಮರುವರ್ಷ ಅವ್ರ ಗಾಡಿ ಮ್ಯಾಲ ಗ್ವಾಡಿ ಬಿದ್ದು ಕಾಲಿನ ಸ್ವಾಧೀನ ಹೋತು, 1950ರಾಗ ಹೋಗಿಬಿಟ್ರು. ಆ ಒಂದ್ ಸಲದ ರೆಕಾರ್ಡಿಂಗ್ ಇಲ್ಲಂದಿದ್ರ ಆ ಕೈ ಹೆಂಗಿತ್ತು ಅಂತ ನಮಗ ಯಾರ್ ಹೇಳ್ತಿದ್ರು. ಸೇಮಸ್ ಎನ್ನಿಸ್, ವಿಲ್ಲಿ ಕ್ಲಾನ್ಸಿ ಎರಡೂ ಧಾಟಿ ಬೆರಸಿ ನುಡಸ್ತಿದ್ರು. ನನ್ನ ಮಾತ್ ಕೇಳ್ತೀರಂದ್ರ ಟೈಟ್ ಮೊದ್ಲ ಕಲೀರಿ, ಬಿಗಿ ಇದ್ದದ್ದು ಸಡ್ಲ ಮಾಡ್ಲಕ್ಕ ಬರ್ತದ, ಸಡ್ಲ ಇದ್ದದ್ದು ಬಿಗಿ ಮಾಡೋದು ತ್ರಾಸು.

ಅಲಂಕಾರದಾಗ ಕಟ್ (ಸ್ವರದ ಮುಂದ ಮ್ಯಾಲಿನ ಸ್ವರ ಚಟಕ್ ಅನ್ಸೋದು), ರೋಲ್ (ಸ್ವರ ಹಿಡ್ದು ಅದರ ಮ್ಯಾಲಿಂದೂ ಕೆಳಗಿಂದೂ ಮುಟ್ಟಿ ಬರೋದು) ಎರಡೂ ವ್ಹಿಸಲ್ ಮ್ಯಾಲೇ ಕಲ್ತಿರ್ತೀರಿ. ಪೈಪ್‌ದ್ದೇ ಖಾಸ ಅಂದ್ರ ಕ್ರಾನ್. ಕೆಳಗಿನ ಸಾ ಮ್ಯಾಲ ರೋಲ್ ಮಾಡ್ಲಕ್ಕ ಅದಕ್ಕಿಂತ ಕೆಳಗ ಸ್ವರ ಇಲ್ಲಲಾ, ಅದಕ್ಕ ಬ್ಯಾರೆ ಬ್ಯಾರೆ ಬೆರಳ್ ಒಂದರ ಹಿಂದೊಂದು ಪಟಕ್ ಪಟಕ್ ಎತ್ತಿ ಸಾ ಒಡೀತಾರ, ಗುಳ್ ಗುಳ್ ಅಂತ ನೀರ್ ಕುದ್ದಂಗ. ಇದಕ್ಕ ಅವಸರ ಬ್ಯಾಡ, ಮೊದಲ್ನೇ ವರ್ಷ ಬ್ಯಾಡೇ ಬ್ಯಾಡ.

ರೀಡ್ ಮತ್ತ ನಮ್ಮೂರ್ ಬಿಸಿಲು

ಇದು ಪುಸ್ತಕದಾಗ ಸಿಗಂಗಿಲ್ಲ, ಯಾಕಂದ್ರ ಬರಿಯೋರು ಮಳಿ ನಾಡಿನವ್ರು. ಚಾಂಟರ್ ಒಳಗ ಜೊಂಡಿನ ಜಾತಿ ಹುಲ್ಲಿನ ದಂಟಿಂದು ಒಂದ್ ಜೋಡಿ ಎಲಿ ರೀಡ್ ಇರ್ತದ, ಅದು ನಡುಗೇ ಆವಾಜ್ ಬರೋದು, ಸನಾದಿಗಿ ಇರ್ತದಲ್ಲ ಆ ಜಾತಿದೇ. ಸನಾದಿದು ಬಾಯಿ ಎಂಜಲದಿಂದ ಒದ್ದಿ ಆಗ್ತದ, ಇದಕ್ಕ ಒಣ ಹವಾನೇ ಗತಿ, ಹಂಗಾಗಿ ಸುತ್ತಲಿನ ಹವಾ ಹೆಂಗದ ಹಂಗ ರೀಡ್ ನಡ್ಕೊಂತದ. ಕಲಬುರಗಿದಾಗ ಮೇ ತಿಂಗಳ 42, 43 ಡಿಗ್ರಿ, ಹವಾದಾಗ ಪಸಿನೇ ಇಲ್ಲ. ನಿನ್ನಿ ಚಂದ್ ನುಡದದ್ದು ಇವತ್ತ್ ಮುಂಜಾನಿ ಕೆಳಗಿನ ಸಾ ಕೊಡಂಗಿಲ್ಲ. ಹೊಸಬ್ರು ಮಾಡೋದೇನು, ಬ್ಲೇಡ್ ತೊಗೊಂಡು ರೀಡ್ ಕೆರೀತಾರ. ಕೈ ಕಡ್ಕೊಂಡ್ರೂ ಪರವಾಗಿಲ್ಲ ರೀಡ್ ಕೆರೀಬ್ಯಾಡ್ರಿ, ಮಳಿಗಾಲ ಬಂದ್ ಮ್ಯಾಲ ಅದು ಮತ್ತ ತನ್ನ ಜಾಗಕ್ಕ ಬರ್ತದ, ಕೆರ್ದಿದ್ದು ಬರೂದಿಲ್ಲ.

ನಾ ಏನ್ ಮಾಡ್ತೀನಿ ಅಂದ್ರ, ಪೆಟ್ಟಿಗಿ ಒಳಗ ಒಂದ್ ಸಣ್ಣ ಪಸಿ ಅಳಿಯೋ ಮೀಟರ್ ಇಟ್ಟೀನಿ, ನೂರಕ್ಕ 40ರಿಂದ 60 ಇದ್ರ ಆರಾಮ. ಬ್ಯಾಸಗಿದಾಗ ತೂತ್ ಹಾಕಿದ್ ಸೋಪ್ ಡಬ್ಬಿದಾಗ ಒದ್ದಿ ಸ್ಪಂಜ್ ಇಟ್ಟು ಪೆಟ್ಟಿಗಿ ಮೂಲಿಗಿ ಇಡ್ತೀನಿ, ಕಟ್ಟಿಗಿಗಿ ತಾಗದಂಗ. ಕೂಲರ್ ಮುಂದ ಕುಂತು ನುಡಸಬ್ಯಾಡ್ರಿ, ಇದು ನಾ ಭಾಳ ಪೆಟ್ಟ್ ತಿಂದು ಕಲ್ತದ್ದು. ಕೂಲರ್ ಅಂದ್ರ ನೀರಿನ ಹವಾ, ತಿದಿ ಆ ಒದ್ದಿ ಹವಾನೇ ಎಳ್ಕೊಂಡು ಸೀದಾ ರೀಡ್‌ಗಿ ಒಯ್ತದ, ಅರ್ಧ ತಾಸಿನ್ಯಾಗ ಶ್ರುತಿ ಅಲ್ಲೋಲಕಲ್ಲೋಲ, ಕರೆಂಟ್ ಹೋಗಿ ಕೂಲರ್ ನಿಂತ್ರ ಮತ್ತ ಉಲ್ಟಾ. ಕೂಲರ್ ಇಲ್ಲದ ರೂಮಿನ್ಯಾಗ ಮುಂಜಾನಿ ಆರಕ್ಕ ನುಡಸೋದೇ ಚೊಲೋ. ಶಾಬಾದಿ ಕಲ್ಲಿನ ಹಳೇ ಮನಿ ಇದ್ರ ನಿಮ್ ನಸೀಬು, ಒಳಗ ತಂಪೂ ಇರ್ತದ, ಗ್ವಾಡಿಗಿ ಬಡ್ದು ಆವಾಜೂ ದುಂಡಗ ಬರ್ತದ.

ಕೊಳವಿ ಕೂಡೋ ಜಾಗಕ್ಕ ದಾರ ಸುತ್ತಿರ್ತಾರ, ಬಿಸಿಲಿಗಿ ಕಟ್ಟಿಗಿ ಒಣಗಿ ಸಡ್ಲ ಆಗ್ತದ, ಹವಾ ಸೋರ್ತದ. ಮೇಣ ಹಚ್ಚಿದ್ ದಾರ ಎರಡ್ ಸುತ್ತ್ ಜಾಸ್ತಿ ಸುತ್ರಿ, ಮಳಿಗಾಲ್ದಾಗ ಉಬ್ಬಿದ್ರ ಬಿಚ್ರಿ. ಜೋರ್ ಮಾಡಿ ತಿರುವಿ ಹಾಕಿದ್ರ ಕಟ್ಟಿಗಿ ಸೀಳ್ತದ. ಕಾರಿನ ಡಿಕ್ಕಿದಾಗ ಮಧ್ಯಾಹ್ನ ಬಿಟ್ಟು ಹೋಗೋದಂತೂ ಮಾತೇ ಆಡಬ್ಯಾಡ್ರಿ. ರೀಡ್ ಆರ್ಡರ್ ಮಾಡೋ ಮುಂದ ಮಾಡೋರಿಗಿ ನಮ್ಮೂರ್ ಹವಾ ಹೆಂಗದ ಅಂತ ಬರ್ದು ಹೇಳ್ರಿ, ಒಂದಲ್ಲ ಎರಡ್ ತರಿಸಿಟ್ಕೋರಿ.

ಗುರು ಎಲ್ಲಿ

ಕಲಬುರಗಿ, ಬೀದರ್, ಯಾದಗಿರಿ ತಿರಗ್ಯಾಡಿದೆ ಅಂದ್ರೂ ಹೇಳ್ಕೊಡೋರು ನನಗಂತೂ ಸಿಗ್ಲಿಲ್ಲ. ನಾ ಮೊದ್ಲ ನೋಡಿದ್ದು "ನಾ ಪೀಬರೀ ಇಲ್ಲಿನ್" ಅನ್ನೋ ಸಂಘದ ವಿಡಿಯೋ ಪಾಠ. ಇಲ್ಲಿನ್ ಪೈಪರ್ಸೇ ಕೂಡಿ 1968ರಾಗ ಕಟ್ಕೊಂಡಿದ್ದು, ಡಬ್ಲಿನ್‌ದ ಹೆನ್ರಿಯೆಟ್ಟಾ ಸ್ಟ್ರೀಟ್‌ದಾಗ 15ನೇ ನಂಬರ್ ಮನಿ. ಅವಾಗ ಈ ವಾದ್ಯ ನುಡಸೋರು ನೂರ್ ಮಂದಿನೂ ಉಳಿದಿರ್ಲಿಲ್ಲ ಅಂತಾರ. ಈಗ ಜಪಾನ್, ಅಮೆರಿಕಾ ಎಲ್ಲಾ ಕಡಿ ನುಡಸ್ತಾರ, 2017ರಾಗ ಯುನೆಸ್ಕೋ ಪಟ್ಟಿಗೂ ಸೇರಿತು. ಪ್ಲಾಂಕ್‌ಸ್ಟಿ ಗುಂಪಿನ ಲಿಯಾಮ್ ಓಫ್ಲಿನ್, ಚೀಫ್ಟನ್ಸ್‌ದ ಪ್ಯಾಡಿ ಮೊಲೊನಿ, ಇವ್ರಿಂದ ಸ್ಟೇಜ್ ಮ್ಯಾಲ ಭಾಳ ಹೆಸರಾತು. ಜುಲೈದಾಗ ಕ್ಲೇರ್ ಕೌಂಟಿ ಮಿಲ್‌ಟೌನ್ ಮಾಲ್ಬೇ ಊರಿನ್ಯಾಗ ವಿಲ್ಲಿ ಕ್ಲಾನ್ಸಿ ಹೆಸರಿನ ಸಮ್ಮರ್ ಸ್ಕೂಲ್ ಆಗ್ತದ, 1973ರಿಂದ ನಡದದ. ಒಂದ್ಸಲ ಹೋಗ್ಲಕ್ಕ ಆದ್ರ ಹೋಗ್ರಿ, ಮುಂಜಾನಿ ಕ್ಲಾಸು, ರಾತ್ರಿ ಊರ್ ತುಂಬ ಸೆಷನ್ನು (ಎಲ್ಲಾರೂ ಕೂಡಿ ಕುಂತು ನುಡಸೋದು), ಥೇಟ್ ಶರಣಬಸವೇಶ್ವರ ಜಾತ್ರಿ ಗದ್ದಲ.

ಆನ್‌ಲೈನ್ ಗುರು ಸಿಕ್ರ ಕ್ಯಾಮೆರಾ ಮುಖಕ್ಕ ಹಿಡೀಬ್ಯಾಡ್ರಿ, ಎಡ ಮೊಣಕೈಗಿ ಹಿಡೀರಿ. ನನಗ ಪಾಠ ಹೇಳೋರು ಮೊದಲ್ನೇ ಕ್ಲಾಸಿನ್ಯಾಗೇ ಕೇಳಿದ್ದು ಅದೇ. ವಿಡಿಯೋ ನೋಡಿ ಕಲಿಯೋರು ಸ್ಪೀಡ್ ಕಮ್ತಿ ಮಾಡಿ ಟ್ಯೂನಿನ ಎರಡೆರಡ್ ಬಾರ್ (ತಾಳದ ಸುತ್ತು) ಬಾಯಿಲೆ ಹಾಡಿ ಆಮ್ಯಾಲ ನುಡಸ್ರಿ, ನೋಟೇಷನ್ ಮುಂದಿಟ್ಕೊಂಡ್ರ ಕಣ್ಣು ಹಾಳಿ ಮ್ಯಾಲ ಹೋಗ್ತದ ಮೊಣಕೈ ಮರ್ತೋಗ್ತದ. ಪೈಪರ್ ಆಗ್ಲಕ್ಕ ಏಳ್ ವರ್ಷ ಕಲಿಯೋದು, ಏಳ್ ವರ್ಷ ರಿಯಾಜ್, ಏಳ್ ವರ್ಷ ನುಡಸೋದು, ಒಟ್ಟ 21 ಅಂತ ಅವ್ರಲ್ಲಿ ಒಂದ್ ಮಾತದ. ನಾ ಆರ್ನೇ ವರ್ಷದಾಗ ಇದ್ದೀನಿ.

ಮಾಮಾನ ಪೇಟಿ ಜೋಡಿ ನುಡಸೋ ಆಸೆ ಇತ್ತು, ಒಂದ್ಸಲ ಕುಂತ್ವಿ. ಪೇಟಿ ಸ್ವರ ಪೆಟ್ಟಿಗಿ ಒಳಗ ಕಟ್ಟಿಟ್ಟಿದ್ದು, ಪೈಪ್ ಸ್ವರ ಡ್ರೋನ್ ಕೇಳಿ ಕೂಡೋದು, ಗ ಹತ್ರ ಬಂದಾಗೆಲ್ಲ ಎರಡೂ ತಿಕ್ಕ್ಯಾಡ್ತಿದ್ವು. ಕಡಿಗಿ ಮಾಮಾ ಪೇಟಿ ಸರಿಸಿ ಸಾ ಪ ಅಷ್ಟೇ ಸೂರ್‌ಪೇಟಿದಾಗ ಹಿಡ್ದು ಕುಂತ್ರು, ಬಾಜೂ ಮನಿ ಹುಡುಗ ತಬಲಾ ಮ್ಯಾಲ ದಾದರಾ ಹಾಕ್ದ, ಒಂದ್ ಜಿಗ್ ಮೂರ್ ಸುತ್ತ ಹೋತು. ನಿಮಗೂ ಡ್ರೋನ್ ಹಾಕಸೋ ಅವಸರ ಆಗ್ತದ, ಹಾಫ್ ಸೆಟ್‌ಗಿ ರೊಕ್ಕ ಕಳಸ್ಲಕ್ಕ ಕೈ ತುರಸ್ತದ, ಜರಾ ತಡೀರಿ. ಒಂದ್ ಟ್ಯೂನ್ ಸೂರ್‌ಪೇಟಿ ಹಚ್ಕೊಂಡು ಮೂರ್ ಸುತ್ತ್ ನುಡಸಿ ಫೋನ್‌ದಾಗ ರೆಕಾರ್ಡ್ ಮಾಡಿ ಮರುದಿನ ಕೇಳ್ರಿ, ಮೂರ್ನೇ ಸುತ್ತಿನ ಕಡೀ ಸಾ ಮೊದಲ್ನೇ ಸಾ ಎಲ್ಲಿತ್ತೋ ಅಲ್ಲೇ ನಿಂತಿದ್ರ ಆರ್ಡರ್ ಹಾಕ್ರಿ, ಜಾರಿದ್ರ ಮತ್ತ ಕುರ್ಚಿ ಮ್ಯಾಲ ಕುಂತು ಅದೇ ಪ ಹಿಡೀರಿ.